ಬ್ಲೀಚಿನ ಕ್ಲೋರಿನ್ ಅಳೆಯಲು ಬಚ್ಚಲಿನ ಆ್ಯಸಿಡ್ ಮುಟ್ಟಬೇಡಿ

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಹಂಗಾಮು ಮತ್ತೆ ಬಂತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೋದ ವರ್ಷ ಒಂಬತ್ತನೇ ತರಗತಿಯಲ್ಲಿದ್ದ ಮಗಳು "ಮನಿ ಸಾಮಾನಿನ್ಯಾಗ ಹ್ಯಾಲೊಜನ್ ಎಷ್ಟೈತಿ" ಅನ್ನುವ ವಿಷಯ ಹಿಡಿದಳು. ಉಪ್ಪಿನ ಅಯೋಡಿನ್, ಬ್ಲೀಚಿನ ಕ್ಲೋರಿನ್, ಎರಡೂ ಹ್ಯಾಲೊಜನ್ ಗುಂಪಿನ ಮೂಲವಸ್ತುಗಳು. ಉಪ್ಪಿನದು ಸುಲಭ. ಅಂಗಡಿ ಉಪ್ಪಿನಲ್ಲಿ ಅಯೋಡಿನ್ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 15 ಭಾಗ) ಇರಬೇಕು, ಕಿಟ್‌ನ ಹನಿ ಹಾಕಿದರೆ ಬಣ್ಣವೇ ಹೇಳುತ್ತದೆ. ನಾವು ಕೆಟ್ಟಿದ್ದು ಬ್ಲೀಚಿನಲ್ಲಿ.

ವಿಧಾನ ಗೊತ್ತಿಲ್ಲದೆ ಏನಲ್ಲ. ಬ್ಲೀಚನ್ನು ಹತ್ತು ಪಟ್ಟು ತೆಳು ಮಾಡಬೇಕು, ಪೊಟ್ಯಾಸಿಯಂ ಅಯೊಡೈಡ್ ಕರಗಿಸಬೇಕು, ಆಮ್ಲ ಹಾಕುವುದು ಕಟ್ಟಕಡೆಗೆ. ಆಗ, ಆಮ್ಲ ತಾಗಿ ಬ್ಲೀಚಿನಿಂದ ಬಿಡುಗಡೆಯಾಗುವ ಕ್ಲೋರಿನ್ ಹೊರಗೆ ಹಾರುವ ಮೊದಲೇ ಅಯೊಡೈಡ್ ಅದನ್ನು ಹಿಡಿದುಕೊಂಡು ಅಯೋಡಿನ್ ಬಿಟ್ಟುಕೊಡುತ್ತದೆ, ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಅಳಿಸಲು ಎಷ್ಟು ಹೈಪೊ (ಸೋಡಿಯಂ ಥಯೋಸಲ್ಫೇಟ್) ದ್ರಾವಣ ಬೇಕಾಯಿತು ಅನ್ನುವುದೇ ಲೆಕ್ಕ.

ಧಾರವಾಡದ ಶ್ರಾವಣ, ಜಿಟಿಜಿಟಿ ಮಳೆ, ಅಡುಗೆಮನೆಯ ಕಿಟಕಿ ಮುಚ್ಚಿತ್ತು. ವಿನೆಗರ್ ತರುವುದು ಮರೆತಿದ್ದೆ. ಆಮ್ಲ ಅಂದ್ರ ಆಮ್ಲ ಅಂದುಕೊಂಡು ಬಚ್ಚಲಿನ ಬಾಟಲಿ ತಂದೆ. ಹೈಡ್ರೊಕ್ಲೋರಿಕ್ ಆಮ್ಲ, ಅಂಗಡಿಯವನು ಹಳೆಯ ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದು ಕೊಟ್ಟಿದ್ದು. ಮೇಲೆ ಚೀಟಿಯೂ ಇಲ್ಲ, ಎಷ್ಟು ಗಟ್ಟಿ ಅಂತಲೂ ಇಲ್ಲ. ಮಗಳು ನೆಲದ ಮೇಲೆ ಕೂತು ಅಯೊಡೈಡ್ ತೂಗುತ್ತಿದ್ದಳು. ಅಷ್ಟರಲ್ಲಿ ನಾನು ಅವಸರಕ್ಕೆ ಬಿದ್ದು, ತೆಳು ಮಾಡದ ಬ್ಲೀಚಿಗೇ ಆ್ಯಸಿಡ್ ಸುರಿದೆ.

ಬುಸ್ಸೆಂದು ನೊರೆ ಎದ್ದು ಹಳದಿ-ಹಸಿರು ಹೊಗೆ ಬಂತು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನಿಂತಿದ್ದ ನನಗೆ ಬರೀ ಕಣ್ಣುರಿ. ಅದು ಕಟ್ಟೆಯಿಂದ ಇಳಿದು ಕೂತವಳ ಎದೆ ಹೊಕ್ಕಿತ್ತು. ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಪಕ್ಕದ ಮನೆಯ ಕಾಕು ಬಂದು, "ಅದರ ಮ್ಯಾಲ ನಿಂಬಿಹಣ್ಣು ಹಿಂಡ್ರಿ, ವಾಸನಿ ಹೋಗತೈತಿ" ಅಂದರು. ನಿಂಬೆಯೂ ಆಮ್ಲವೇ! ಪುಣ್ಯಕ್ಕೆ ಯಾರೂ ಒಳಗೆ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಕೆಮ್ಮು ಇಳಿಯಿತೆಂದು ಹೊರಟರೆ ಡಾಕ್ಟರು ಬಿಡಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ತಾಸು ಕಳೆದ ಮೇಲೂ ಶುರುವಾಗಬಹುದಂತೆ. ಆ ರಾತ್ರಿ ಅಲ್ಲೇ ಕಳೆದೆವು.

ಪಾಯಿಖಾನೆ ತೊಳೆಯುವಾಗ ಬ್ಲೀಚಿಂಗ್ ಪೌಡರ್ ಮೇಲೆ ಆ್ಯಸಿಡ್ ಸುರಿಯುವವರು ನಮ್ಮ ಓಣಿಯಲ್ಲೇ ಇದ್ದಾರೆ. ಅಲ್ಲಿ ಏಳುವುದೂ ಇದೇ ಹೊಗೆ. ಅಳೆಯಲೇಬೇಕು ಅಂದರೆ ಶಾಲೆಯ ಪ್ರಯೋಗಾಲಯಕ್ಕೆ ಹೋಗ್ರಿ.

ನಾವೂ ಕಡೆಗೆ ಅಲ್ಲಿಗೇ ಹೋದೆವು. ಸರ್ ಅದೇ ಬಾಟಲಿಯ 1 ಮಿ.ಲೀ. ಬ್ಲೀಚು ತೊಗೊಂಡು, ತೆಳು ಮಾಡಿ, ಕ್ರಮ ತಪ್ಪದೆ ಮಾಡಿದರು. 0.1 ನಾರ್ಮಲ್ (ದ್ರಾವಣದ ಗಟ್ಟಿತನದ ಅಳತೆ) ಹೈಪೊ 6 ಮಿ.ಲೀ. ಹಿಡಿಯಿತು. ಹೈಪೊದ ಒಂದೊಂದು ಮಿ.ಲೀ.ಗೆ 3.55 ಮಿ.ಗ್ರಾಂ. ಕ್ಲೋರಿನ್, ಒಟ್ಟು ಸುಮಾರು 21 ಮಿ.ಗ್ರಾಂ., ಅಂದರೆ ಶೇ. 2ರ ಆಸುಪಾಸು. ಬಾಟಲಿಯ ಮೇಲೆ ಬರೆದಿದ್ದು ಶೇ. 4. ತಿಂಗಳುಗಟ್ಟಲೆ ಕಿಟಕಿಯ ಬಿಸಿಲಿಗೆ ಇಟ್ಟು ಅರ್ಧ ಸತ್ವ ಕಳೆದಿದ್ದೆವು.

ಮಗಳು ಆ ಅಂಕಿಯನ್ನೇ ನೋಡುತ್ತ ಕೇಳಿದಳು: "ಅಪ್ಪಾ, ಅವತ್ತು ಹೊಸಾ ಬಾಟ್ಲಿ ಇದ್ದಿದ್ರ?"