ಫಸ್ಟ್ ಇಯರ್ ಅಪ್ರೆಂಟಿಸ್‌ಗೆ ಯಾವ ವರ್ನಿಯರ್ ಬೇಕು? ಮಿಟುಟೊಯೊ ಸಾದಾ 150 ಎಂಎಂ ಬಗ್ಗೆ

ಡಿಪ್ಲೊಮಾ ಮುಗಿಸಿ ದಾವಣಗೆರೆ, ಹರಿಹರದ ಮಷಿನ್ ಶಾಪ್‌ಗಳಿಗೆ ಅಪ್ರೆಂಟಿಸ್ ಸೇರೋರು ಬಾಳ ಜನ ಕೇಳೋದು ಇದನ್ನೇ, ವರ್ನಿಯರ್ (ದಪ್ಪ, ಡಯಾ ಅಳೆಯೋ ಕ್ಯಾಲಿಪರ್) ಡಿಜಿಟಲ್ ತಗೊಳ್ಳೋದಾ, ಗೆರೆ ನೋಡಿ ಓದೋ ಸಾದಾ ತಗೊಳ್ಳೋದಾ ಅಂತ. ಮೊದಲ್ನೇ ವರ್ಷಕ್ಕೆ ಸಾದಾನೇ ತಗೊಳ್ರಿ. ನಾನು ಸ್ಟೈಪೆಂಡ್ ದುಡ್ಡಲ್ಲಿ ತಗೊಂಡಿದ್ದು ಮಿಟುಟೊಯೊದು, 0-150 ಎಂಎಂ, 0.02 ಲೀಸ್ಟ್ ಕೌಂಟು (ಅದ್ರಲ್ಲಿ ಓದೋಕಾಗೋ ಅತಿ ಸಣ್ಣ ಅಳತೆ), ಅದೇ ಕಂಪನಿ ಡಿಜಿಟಲ್ ರೇಟಿಗೆ ಅರ್ಧಕ್ಕಿಂತ ಕಮ್ಮೀಲಿ ಸಿಗ್ತೈತೆ. ಸ್ಟೋರ್‌ನಲ್ಲೂ ವರ್ನಿಯರ್ ಕೊಡ್ತಾರೆ, ಆದ್ರೆ ಅದು ಎಷ್ಟೋ ಬ್ಯಾಚ್ ಕೈ ದಾಟಿ ಜಾ (ಅಳೆಯೋ ವಸ್ತುನ ಹಿಡಿಯೋ ದವಡೆ) ತುದಿ ಸವೆದಿರ್ತೈತೆ, ಸ್ವಂತದ್ದು ಇದ್ರೆ ಧೈರ್ಯ.

ಮೇನ್ ಸ್ಕೇಲಿನ 49 ಎಂಎಂನ ವರ್ನಿಯರ್ ಸ್ಕೇಲ್ (ಸರಿಯೋ ಸಣ್ಣ ಸ್ಕೇಲ್) ಮೇಲೆ 50 ಭಾಗ ಮಾಡಿರ್ತಾರೆ, ಒಂದೊಂದು ಭಾಗ 0.98, 1 ಎಂಎಂಗೆ ಕಮ್ಮಿ ಬಿದ್ದ 0.02 ಏನೈತೆ ಅದೇ ಲೀಸ್ಟ್ ಕೌಂಟು. ಇದನ್ನ ಪರೀಕ್ಷೇಲಿ ಎಲ್ರೂ ಬರ್ದಿರ್ತೀವಿ, ಆದ್ರೆ ಲೇತ್ (ಜಾಬ್, ಅಂದ್ರೆ ಲೋಹದ ತುಂಡು, ತಿರುಗಿಸಿ ಕಟ್ ಮಾಡೋ ಮಷಿನ್) ಮುಂದೆ ನಿಂತು ಯಾವ ಗೆರೆಗೆ ಯಾವ ಗೆರೆ ಕೂಡ್ತು ಅಂತ ನೋಡಿ 25.34 ಅಂತ ಹೇಳಿ, 25ಕ್ಕೆ ತರ್ಬೇಕಂದ್ರೆ ಎರಡೂ ಕಡೆ ಸವೆಯೋದ್ರಿಂದ 0.34ರ ಅರ್ಧ, ಇನ್ನೂ 0.17 ಡೆಪ್ತ್ ಕೊಡ್ಬೇಕು ಅಂತ ತಲೇಲೇ ಲೆಕ್ಕ ಹಾಕೋದು ಬೇರೇನೇ ವಿದ್ಯೆ. ನಮ್ ಶಾಪಲ್ಲಿ ಹರಿಹರದಲ್ಲೇ ತಯಾರಾದ ಹಳೇ ಮೈಸೂರ್ ಕಿರ್ಲೋಸ್ಕರ್ ಲೇತ್ ಐತೆ, ಅದ್ರಲ್ಲಿ ಸ್ಕ್ರೀನ್ ಗೀನ್ ಏನಿಲ್ಲ, ಎಲ್ಲಾ ಡಯಲ್ ನೋಡಿ ಕಟ್ ಕೊಡೋದೇ. ವರ್ನಿಯರ್ ಓದೋಕೆ ಕಣ್ಣು ಪಳಗಿದವ್ರಿಗೆ ಆ ಡಯಲ್ಲು, ಮೈಕ್ರೋಮೀಟರ್ರು, ಹೈಟ್ ಗೇಜು ಎಲ್ಲಾ ಬೇಗ ಕೈಗೆ ಹತ್ತುತ್ತಾವೆ. ನಂಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನಮ್ ಬ್ಯಾಚ್‌ನವನೊಬ್ಬ ಕಮ್ಮಿ ರೇಟಿನ ಡಿಜಿಟಲ್ ತಂದಿದ್ದ, ಕೂಲಂಟ್ (ಕಟ್ ಮಾಡುವಾಗ ತಣ್ಣಗಿಡೋಕೆ ಸುರಿಯೋ ದ್ರವ) ಒಳಗೋಗಿ ನಂಬರ್ ಕುಣಿಯೋಕೆ ಶುರುವಾಯ್ತು. ನೀರು ತಡೆಯೋ ಐಪಿ67 ಡಿಜಿಟಲ್ ಬರ್ತಾವೆ, ಆದ್ರೆ ಅಪ್ರೆಂಟಿಸ್ ಜೇಬಿಗೆ ಅದು ಭಾರ.

ಈ ವರ್ನಿಯರ್ ಸ್ಲೈಡು ನುಣ್ಣಗೆ ಓಡ್ತೈತೆ, ಗೆರೆಗಳು ತೆಳ್ಳಗೆ ಸ್ಪಷ್ಟವಾಗವೆ, ಟ್ಯೂಬ್‌ಲೈಟ್ ಬೆಳಕು ಕಣ್ಣಿಗೆ ಹೊಡಿಯಲ್ಲ. ಅಳೆಯುವಾಗ ಜಾಬನ್ನ ಜಾ ತುದೀಲಿ ಹಿಡೀಬೇಡ್ರಿ, ಆದಷ್ಟು ಬುಡಕ್ಕೆ, ಸ್ಕೇಲ್ ಹತ್ರ ಹಿಡೀರಿ. ಚಕ್ (ಜಾಬ್ ಹಿಡಿದು ತಿರುಗೋ ಭಾಗ) ಪೂರ್ತಿ ನಿಂತ ಮೇಲೇ ಕೈ ಹಾಕ್ರಿ, ಇದು ಬೆರಳಿನ ವಿಷ್ಯ. ಆಮೇಲೆ ಬಿಸಿ ಜಾಬ್, ಸ್ಟೀಲು 50 ಎಂಎಂ ಡಯಾ ಇದ್ದು 40 ಡಿಗ್ರಿ ಹೆಚ್ಚು ಕಾದಿದ್ರೆ ಸುಮಾರು 0.02 ದಪ್ಪ ತೋರಿಸ್ತೈತೆ, ನಮ್ ಲೀಸ್ಟ್ ಕೌಂಟ್ ಪೂರ್ತಿ ಅಲ್ಲೇ ಹೋಯ್ತು ನೋಡ್ರಿ, ಹಂಗಾಗಿ ಫೈನಲ್ ಅಳತೆ ತಣ್ಣಗಾದ್ಮೇಲೇ.

ಎಲ್ಲಾದಕ್ಕೂ ಇದು ಆಗಲ್ಲ. 25 ಎಂಎಂ ಎಚ್7 (ನಿಖರ ಫಿಟ್ಟಿನ ಒಂದು ದರ್ಜೆ) ಬೋರ್‌ಗೆ, ಅಂದ್ರೆ ತೂತಿಗೆ, ಬಿಟ್ಟಿರೋ ಟಾಲರೆನ್ಸೇ (ಅಳತೇಲಿ ಹೆಚ್ಚುಕಮ್ಮಿ ಆಗೋಕೆ ಬಿಡೋ ಮಿತಿ) 0.021, ಅಲ್ಲಿ ವರ್ನಿಯರ್ ಹಿಡ್ಕೊಂಡು ಓಕೆ ಅನ್ನೋಕಾಗಲ್ಲ, ಬೋರ್ ಗೇಜ್ ಬೇಕು. ಸಣ್ಣ ತೂತಿಗೂ ಒಳಗಿನ ಜಾ ಸ್ವಲ್ಪ ಕಮ್ಮೀನೇ ತೋರಿಸ್ತೈತೆ.

ತಗೊಳ್ಳುವಾಗ ಜಾ ಮುಚ್ಚಿ ಲೈಟಿಗೆ ಹಿಡೀರಿ, ಸಂದೀಲಿ ಬೆಳಕು ಕಾಣ್ಬಾರ್ದು. ಸೊನ್ನೆಗೆ ಸೊನ್ನೆ ಕೂಡಿರ್ಬೇಕು, ವರ್ನಿಯರ್‌ನ ಕೊನೇ ಗೆರೆ 49ಕ್ಕೆ ಕೂಡಿರ್ಬೇಕು, ಎರಡೂ ನೋಡ್ರಿ. ಈ ಬ್ರ್ಯಾಂಡಿಗೆ ಡುಪ್ಲಿಕೇಟ್ ಜಾಸ್ತಿ, ರೇಟ್ ತೀರಾ ಕಮ್ಮಿ ಹೇಳಿದ್ರೆ ಅನುಮಾನ ಪಡ್ರಿ, ಡೀಲರ್ ಹತ್ರಾನೇ ಬಿಲ್ ಸಮೇತ ತಗೊಳ್ರಿ. ಸಂಜೆ ಒರೆಸಿ ಒಂದು ಹನಿ ಎಣ್ಣೆ ಹಚ್ಚಿ ಡಬ್ಬೀಲಿಡ್ರಿ, ಫೈಲು ಸ್ಪ್ಯಾನರ್ ಜೊತೆ ಟೂಲ್ ಬಾಕ್ಸಿಗೆ ಎಸೀಬೇಡ್ರಿ.