ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10+: ಗೆಲ್ಲೋದು ಯಾವುದು?

4ಕೆ ಟಿವಿ ಕೊಳ್ಳಲು ಹೊರಟರೆ ಈ ಎರಡು ಹೆಸರು ಎದುರಾಗುತ್ತವೆ. ಎರಡೂ ಎಚ್‌ಡಿಆರ್‌ನ, ಅಂದರೆ ಕತ್ತಲು-ಬೆಳಕು ಎರಡನ್ನೂ ಸ್ಪಷ್ಟವಾಗಿ ತೋರಿಸುವ ತಂತ್ರದ, ಬಗೆಗಳು. ಎರಡರ ಕೆಲಸವೂ ಒಂದೇ: ದೃಶ್ಯದಿಂದ ದೃಶ್ಯಕ್ಕೆ ಬೆಳಕು ಎಷ್ಟಿರಬೇಕು ಎಂದು ಟಿವಿಗೆ ಹೇಳುವುದು. ಕತ್ತಲ ಗುಹೆಯಲ್ಲಿ ಒಂದೇ ಪಂಜು ಉರಿಯುತ್ತಿದೆ ಅಂದುಕೊಳ್ಳಿ. ಹಳೆಯ ಎಚ್‌ಡಿಆರ್10ನಲ್ಲಿ ಇಡೀ ಸಿನಿಮಾಗೆ ಒಂದೇ ಸೂಚನೆ. ಹಾಗಾಗಿ ಸಾಧಾರಣ ಟಿವಿಯಲ್ಲಿ ಗೋಡೆಯ ಗೆರೆಗಳು ಕಪ್ಪಿನಲ್ಲಿ ಮುಳುಗಿಹೋಗಬಹುದು. ಇವೆರಡರಲ್ಲೂ ಅವು ಉಳಿಯುವ ಸಾಧ್ಯತೆ ಜಾಸ್ತಿ.

ಡಾಲ್ಬಿ ವಿಷನ್‌ಗೆ ಲೈಸೆನ್ಸ್ ಹಣ ಕಟ್ಟಬೇಕು. ಎಚ್‌ಡಿಆರ್10+ಗೆ ರಾಯಲ್ಟಿ ಇಲ್ಲ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಇಲ್ಲ, ಎಲ್‌ಜಿ ಮತ್ತು ಸೋನಿಯಲ್ಲಿ ಎಚ್‌ಡಿಆರ್10+ ಇಲ್ಲ.

ನನ್ನ ಒಲವು ಡಾಲ್ಬಿ ಕಡೆಗೆ. ಇಂಥ ಪೈಪೋಟಿಯಲ್ಲಿ ಅಗ್ಗದ್ದೇ ಗೆಲ್ಲುತ್ತದೆ ಅನ್ನೋದು ಸುಳ್ಳು. ಹಿಂದೆ ಎಚ್‌ಡಿ ಸಿನಿಮಾ ಡಿಸ್ಕ್‌ಗಳಲ್ಲಿ ಎಚ್‌ಡಿ ಡಿವಿಡಿ, ಬ್ಲೂ-ರೇ ಎಂಬ ಎರಡು ಬಗೆಗಳು ಪೈಪೋಟಿಗಿಳಿದಿದ್ದವು. ಎಚ್‌ಡಿ ಡಿವಿಡಿ ಪ್ಲೇಯರ್ ಬ್ಲೂ-ರೇಗಿಂತ ಅಗ್ಗವಿತ್ತು. ಆದರೂ 2008ರ ಜನವರಿಯಲ್ಲಿ ಸಿನಿಮಾ ಸ್ಟುಡಿಯೋ ವಾರ್ನರ್ ಬ್ಲೂ-ರೇ ಕಡೆ ವಾಲಿತು, ಫೆಬ್ರವರಿಯಲ್ಲೇ ಎಚ್‌ಡಿ ಡಿವಿಡಿಯ ಬೆನ್ನಿಗಿದ್ದ ತೋಷಿಬಾ ಅದನ್ನು ಕೈಬಿಟ್ಟಿತು. ಸಿನಿಮಾ ಎಲ್ಲಿದೆಯೋ ಜನ ಅಲ್ಲಿಗೇ ಹೋಗ್ತಾರೆ, ಅಲ್ವಾ? 4ಕೆ ಡಿಸ್ಕ್‌ಗಳಲ್ಲಿ ಡಾಲ್ಬಿ ವಿಷನ್ ಇರುವವೇ ಜಾಸ್ತಿ. 2017ರಲ್ಲಿ ಎಚ್‌ಡಿಆರ್10+ ಪರ ನಿಂತ ಸಿನಿಮಾ ಸ್ಟುಡಿಯೋ ಫಾಕ್ಸ್ ಕೂಡ ನಂತರ ಡಾಲ್ಬಿ ವಿಷನ್ ಅನ್ನೂ ಬಳಸಿತು.

ಆದರೆ ಎಚ್‌ಡಿ ಡಿವಿಡಿ ಪ್ಲೇಯರ್ ಕೊಂಡು ಮೂಲೆಗಿಟ್ಟವರ ಪಾಡು ಈ ಸಲ ಯಾರಿಗೂ ಬರುವುದಿಲ್ಲ. ಎಚ್‌ಡಿಆರ್ ಇರುವ ಪ್ರತಿ 4ಕೆ ಡಿಸ್ಕ್‌ನಲ್ಲೂ ಎಚ್‌ಡಿಆರ್10 ಇರಲೇಬೇಕು, ಹಾಗಾಗಿ ಯಾವ ಬಗೆ ಸೋತರೂ ಡಿಸ್ಕ್ ನೋಡಲು ತೊಂದರೆಯಿಲ್ಲ. ಡಿಸ್ಕ್ ಜಾಸ್ತಿ ನೋಡುವವರು ಡಾಲ್ಬಿ ಇರುವ ಟಿವಿ ತಗೊಳ್ಳಿ. ಎರಡೂ ಇರುವ ಟಿಸಿಎಲ್, ಹೈಸೆನ್ಸ್ ಮಾಡೆಲ್‌ಗಳೂ ಇವೆ. ಪರದೆ ಚೆನ್ನಾಗಿದ್ದರೆ ಅದನ್ನೇ ಆರಿಸಿ.