ಕಂದು ಕವರಲ್ಲಿ ಬಂದ ನಿದ್ದೆ ಮಾತ್ರೆ

ನಿದ್ದೆ ಬರ್ತಿಲ್ಲ ಅಂದ ಹಿರಿಯರಿಗೆ ಯಾರಾದರೂ ಮೆಡಿಕಲ್ ಶಾಪಿನಿಂದ ಸುಮ್ನೆ ಮಾತ್ರೆ ತಂದುಕೊಟ್ಟರೆ, ನುಂಗಿಸುವ ಮೊದಲು ಇದನ್ನೊಂದು ಸಲ ಓದಿ. ನಮ್ಮ ಅತ್ತೆಯ ಎಡಗೈ ಮಣಿಕಟ್ಟು ಮುರಿದದ್ದು ಅಂಥ ಮಾತ್ರೆಯ ಮಂಪರಿನಲ್ಲಿ.

ನಮ್ಮದು ಸೋಮವಾರಪೇಟೆ ಕಡೆ. ಕಾಫಿಗೆ ಬೆಲೆ ಬಂದ ಮೇಲೆ ಕಳ್ಳರ ಕಾಟವೂ ಬಂತು. ಕಣದಲ್ಲಿ ಹರವಿದ್ದು ಬೆಳಗಾಗುವುದರೊಳಗೆ ಮಾಯ. ಜೊತೆಗೆ ಆನೆ ಭಯ ಬೇರೆ. ಹಾಗಾಗಿ ಕೊಯ್ಲು ಶುರುವಾಗುತ್ತಲೇ ನಮ್ಮನೆಯವರು ಕಣಕ್ಕೆ ದೊಡ್ಡ ಎಲ್‌ಇಡಿ ಫ್ಲಡ್ ಲೈಟ್ ಹಾಕಿಸಿದರು. ಕಣ ಕಾಯಲು ಒಳ್ಳೆಯದೇ. ಆದರೆ ಬೆಳಕು ನೇರ ಬೀಳುವುದು ಅತ್ತೆ ಮಲಗುವ ಕೋಣೆಗೆ. ಹಳೇ ಮನೆ, ಕಿಟಕಿ ಬಾಗಿಲು ಸರಿಯಾಗಿ ಕೂರಲ್ಲ, ಪರದೆಯೂ ತೆಳು. "ನನ್ ರೂಮಲ್ಲಿ ದಿನಾ ಹುಣ್ಣಿಮೆ ಕಣೇ" ಅಂತ ಅತ್ತೆ ಗೊಣಗುತ್ತಿದ್ದರು. ನಿದ್ದೆ ಯಾಕಿಲ್ಲ ಅಂತ ಅವರೇ ಹೇಳಿದ ಹಾಗಾಯ್ತು, ಅಲ್ವಾ? ಸಂಜೆ ಆರಕ್ಕೆ ಒಂದು ದೊಡ್ಡ ಲೋಟ ಕಾಫಿ ಕುಡಿಯುವುದೂ ಇತ್ತು. ಕೊಡಗಿನಲ್ಲಿ ಅದನ್ನು ಬಿಡಿ ಅಂತ ಯಾರಿಗೆ ಹೇಳೋದು!

ಪೇಟೆಗೆ ಹೋಗಿದ್ದ ನೆಂಟರೊಬ್ಬರು ಪಾಪ, ಒಳ್ಳೆಯದಕ್ಕೇ ಮಾತ್ರೆ ತಂದರು. ಪುಟ್ಟ ಕಂದು ಕವರು. ಮೇಲೆ ಬಾಲ್‌ಪೆನ್ನಿನಲ್ಲಿ "ರಾತ್ರಿ 1" ಅಂತ ಗೀಚಿತ್ತು. ಒಳಗೆ ಕತ್ತರಿಯಲ್ಲಿ ಕತ್ತರಿಸಿದ ಸ್ಟ್ರಿಪ್ಪಿನ ತುಂಡು. ಹಿಂದಿನ ಬೆಳ್ಳಿ ಹಾಳೆಯಲ್ಲಿ ಕಂಪನಿ ವಿಳಾಸದ ಅರ್ಧ ಸಾಲು, ಒಂದು "ಎಂಜಿ", ಅಷ್ಟೇ. ಮಾತ್ರೆಯ ಹೆಸರು, ಎಕ್ಸ್‌ಪೈರಿ ತಾರೀಖು ಇದ್ದ ಭಾಗ ಅಂಗಡಿಯಲ್ಲೇ ಉಳಿದಿತ್ತು. ಬಿಲ್ ಇಲ್ಲ. ಡಾಕ್ಟರ್ ಚೀಟಿಯನ್ನೂ ಕೇಳಲಿಲ್ಲವಂತೆ. "ಲೈಟ್ ಡೋಸು, ಏನೂ ಆಗಲ್ಲ" ಅಂದರಂತೆ.

ಮಾತ್ರೆ ತಗೊಂಡ ಮೇಲೆ ನಿದ್ದೆಯೇನೋ ಬಂತು, ಸುಳ್ಳು ಹೇಳಲ್ಲ. ಆದರೆ ಬೆಳಿಗ್ಗೆ ಮಾತು ತೊದಲುತ್ತಿತ್ತು. ತಿಂಡಿ ತಟ್ಟೆ ಮುಂದಿಟ್ಟುಕೊಂಡು ತೂಕಡಿಸುತ್ತಿದ್ದರು. ಒಂದು ದಿನ ನಸುಕಿನಲ್ಲಿ ಬಚ್ಚಲಿಗೆ ಅಂತ ಎದ್ದವರು ಹಿಂಬಾಗಿಲ ಮೆಟ್ಟಿಲಲ್ಲಿ ಬಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ, "ಯಾವ ಮಾತ್ರೆ ತಗೊಳ್ತಿದ್ದಾರೆ?" ಯಾರಿಗೂ ಹೆಸರು ಗೊತ್ತಿಲ್ಲ. ನೆಂಟರು ಮತ್ತೆ ಅಂಗಡಿಗೆ ಓಡಿ ಕೇಳಿ, ಫೋನಿನಲ್ಲಿ ಹೇಳಿದರು: ಆಲ್ಪ್ರಜೋಲಾಮ್.

ಇದು ತಲೆನೋವಿನ ಮಾತ್ರೆಯ ಹಾಗೆ ಕೇಳಿದವರಿಗೆಲ್ಲ ಕೊಡುವಂಥದ್ದಲ್ಲ. ಆತಂಕದ ಕಾಯಿಲೆಗೆ ಡಾಕ್ಟರ್ ಬರೆದುಕೊಡುವ ಮದ್ದು. 2014ರ ಮಾರ್ಚ್‌ನಿಂದ ಸರ್ಕಾರದ ಔಷಧ ನಿಯಮಗಳ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಅಂದರೆ ಚೀಟಿ ಬೇಕೇ ಬೇಕು. ಅಂಗಡಿಯವರು ರೋಗಿಯ ಹೆಸರು, ಡಾಕ್ಟರ್ ಹೆಸರು ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಲೇಬಲ್ ಮೇಲೆ ಕೆಂಪು ಚೌಕದಲ್ಲಿ ಎಚ್ಚರಿಕೆ ಇರುತ್ತದೆ. ನಮಗೆ ಬಂದ ತುಂಡಿನಲ್ಲಿ ಅದೂ ಇರಲಿಲ್ಲ.

ಡಾಕ್ಟರ್ ಬಿಡಿಸಿ ಹೇಳಿದರು. ಮದ್ದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ 11 ಗಂಟೆ ಹಿಡಿಯುತ್ತದೆ, ವಯಸ್ಸಾದವರಲ್ಲಿ ಸುಮಾರು 16 ಗಂಟೆ. ರಾತ್ರಿ ಒಂಬತ್ತಕ್ಕೆ ನುಂಗಿದರೆ ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೂ ಅರ್ಧ ಒಳಗೇ ಇರುತ್ತದೆ. ರಾತ್ರಿ ಅದರ ಮೇಲೆ ಇನ್ನೊಂದು. ಕಾಲಿಗೆ ಬಲ ಎಲ್ಲಿಂದ ಬರಬೇಕು? ಮೇಲೆ ಒಂದು ಪೆಗ್ ಹಾಕುವ ಅಭ್ಯಾಸ ಇದ್ದವರಿಗಂತೂ ಉಸಿರಾಟಕ್ಕೇ ಅಪಾಯ. ಜೋರು ಗೊರಕೆಯವರೂ ಹುಷಾರಾಗಿರಬೇಕು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಮೈದುನನ ಮಗ ಬೆಂಗಳೂರಿಂದ ಮೆಲಟೋನಿನ್ ಗಮ್ಮಿ ತಂದ, ನಿದ್ದೆ ಬರಲಿ ಅಂತ ಜಗಿದು ತಿನ್ನುವಂಥದ್ದು. "ಇದು ನ್ಯಾಚುರಲ್ ದೊಡ್ಡಮ್ಮ, ಮಿಠಾಯಿ ಥರ" ಅಂದ. ಮಿಠಾಯಿ ಥರ ಅನ್ನುವುದೇ ನನಗೆ ಭಯ. ಅಮೆರಿಕದಲ್ಲಿ ಮಾರುವ 25 ಬಗೆಯ ಇಂಥ ಗಮ್ಮಿಗಳನ್ನು ಪರೀಕ್ಷೆ ಮಾಡಿದ ವರದಿ 2023ರಲ್ಲಿ ಬಂತು. 22ರಲ್ಲಿ ಲೇಬಲ್ ಹೇಳುವುದೇ ಒಂದು, ಒಳಗಿದ್ದದ್ದೇ ಇನ್ನೊಂದು. ಒಂದರಲ್ಲಿ ಮೆಲಟೋನಿನ್ನೇ ಇಲ್ಲ. ಇನ್ನೊಂದರಲ್ಲಿ ಬರೆದದ್ದರ ಮೂರು ಪಟ್ಟಿಗಿಂತ ಜಾಸ್ತಿ. ಅಲ್ಲದೆ ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಇದು ಆಗಿಬರದೇ ಇರಬಹುದು. ಕತ್ತಲಾದರೆ ಮೆಲಟೋನಿನ್ ನಮ್ಮ ತಲೆಯೊಳಗೇ ತಯಾರಾಗುತ್ತದೆ, ಜೋರು ಬೆಳಕು ಅದನ್ನು ತಡೆಯುತ್ತದೆ. ಲೈಟನ್ನು ಹಾಗೇ ಉರಿಯಬಿಟ್ಟು ಗಮ್ಮಿ ತಿನ್ನಿಸೋದು ಯಾವ ಲೆಕ್ಕ?

ಹಾಗಾಗಿ ಕಣ್ಣಿಗೆ ಕಟ್ಟುವ ಸ್ಲೀಪ್ ಮಾಸ್ಕ್ ತರಿಸಿದೆ. ಇದರ ಬಗ್ಗೆಯೂ ನೇರ ಹೇಳಿಬಿಡ್ತೀನಿ. ಮೊದಲು ಬಂದದ್ದು ಹೊಳೆಯುವ ಬಟ್ಟೆಯ ಅಗ್ಗದ ಮಾಲು. ಎಲಾಸ್ಟಿಕ್ ಬಿಗಿ, ರೆಪ್ಪೆ ಒತ್ತುತ್ತಿತ್ತು, ಮೂಗಿನ ಪಕ್ಕದಿಂದ ಬೆಳಕು ನುಗ್ಗುತ್ತಿತ್ತು. ಆಮೇಲೆ ಕಣ್ಣಿನ ಜಾಗದಲ್ಲಿ ಗುಳಿ ಇರುವ, ಹಿಂದೆ ಅಡ್ಜಸ್ಟ್ ಮಾಡಬಹುದಾದ ಹತ್ತಿಯದ್ದು ಸಿಕ್ಕಿತು. ಹಂಚಿನ ಮೇಲೆ ಇಲಿ ಓಡುವ ಸದ್ದಿಗೆ ಅದರಲ್ಲಿ ಮದ್ದಿಲ್ಲ. ಮಂಡಿ ನೋವಿಗೂ ಇಲ್ಲ. ಪೊರೆ ಆಪರೇಷನ್ ಆಗಿ ಸ್ವಲ್ಪ ದಿನ ಆಗಿರುವವರು ಕಣ್ಣಿನ ಡಾಕ್ಟರನ್ನು ಕೇಳದೆ ಕಟ್ಟಲೇಬಾರದು. ಆದರೆ ಬೇಡ ಅನಿಸಿದ ಕ್ಷಣ ಕಿತ್ತು ಪಕ್ಕಕ್ಕಿಡಬಹುದು. ನುಂಗಿದ್ದನ್ನು ಹಾಗೆ ಕಿತ್ತು ಇಡೋಕಾಗುತ್ತಾ? ಏಳುವಾಗ ಮಾಸ್ಕ್ ತೆಗೆದೇ ಕಾಲು ಕೆಳಗಿಡಬೇಕು ಅಂತ ಅತ್ತೆಗೆ ಹೇಳಿಟ್ಟಿದ್ದೀನಿ. ಫ್ಲಡ್ ಲೈಟಿನ ಮುಖವನ್ನೂ ಕೆಳಕ್ಕೆ ತಿರುಗಿಸಿ, ಮೇಲೆ ತಗಡಿನ ಮರೆ ಕಟ್ಟಿಸಿದೆವು. ನಿಜ ಹೇಳಬೇಕೆಂದರೆ ಮಾಸ್ಕ್‌ಗಿಂತ ಅದೇ ಜಾಸ್ತಿ ಕೆಲಸ ಮಾಡಿತು.

ಅಂಗಡಿಯವರ ಮೇಲೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡೋಣ ಅಂದರೆ ನಮ್ಮ ಹತ್ತಿರ ಬಿಲ್ಲೇ ಇಲ್ಲ. ಈಗ ಕೇಳಿದರೆ "ನಮ್ಮಲ್ಲಿ ತಗೊಂಡಿದ್ದಕ್ಕೆ ಏನು ಸಾಕ್ಷಿ?" ಅನ್ನುತ್ತಾರೆ. ನಿಮ್ಮ ಮನೆಯ ಡಬ್ಬಿಯಲ್ಲೂ ಇಂಥ ಹೆಸರಿಲ್ಲದ ತುಂಡು ಇದ್ದರೆ ಹತ್ತಿರದ ಆಸ್ಪತ್ರೆಗೆ ಒಯ್ದು ತೋರಿಸಿ. ಒಂದು ಮಾತು: ವಾರಗಟ್ಟಲೆ ತಿಂದವರು ಹೆದರಿ ದಿಢೀರನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು.